ಅಕ್ಕನ ಹೆಸರಿನ ಒತ್ತಕ್ಷರ

ಅಕ್ಕ ತೀರಿಕೊಂಡ ಮರುದಿನ ಶ್ರದ್ಧಾಂಜಲಿ ಬ್ಯಾನರ್ ಮಾಡಿಸಲು ಸಿರುಗುಪ್ಪ ಬಸ್ ಸ್ಟ್ಯಾಂಡ್ ಹತ್ತಿರದ ಫ್ಲೆಕ್ಸ್ ಅಂಗಡಿಗೆ ಹೋದೆ. ಅಂಗಡಿಯಾಕೆ 'ಚೆನ್ನಬಸಮ್ಮ' ಎಂದು ಟೈಪ್ ಮಾಡಿದಳು. ಪರದೆಯ ಮೇಲೆ ಮೂಡಿದ್ದು ನಾನೇ ರೂಪಿಸಿದ ಫಾಂಟು. ಆದರೆ ಒತ್ತಕ್ಷರಗಳು ನನ್ನವಲ್ಲ.

ವರ್ಷಗಟ್ಟಲೆ ಕೂತು ಆ ಅಕ್ಷರಗಳನ್ನು ಬಿಡಿಸಿ, ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಓಪನ್ ಸೋರ್ಸ್ ಮಾಡಿದವನು ನಾನೇ. ಆಮೇಲೆ ಜೊತೆಗೂಡಿದವರು ಒತ್ತಕ್ಷರ ದೊಡ್ಡದಾಗಬೇಕೆಂದರು. ನಾನು ಒಪ್ಪಲಿಲ್ಲ. ನನ್ನನ್ನು ಬಿಟ್ಟು ಉಳಿದವರೆಲ್ಲ ಸೇರಿ ತೀರ್ಮಾನಿಸಿದಾಗ ಸಿಟ್ಟಿನಿಂದ ಗುಂಪು ಬಿಟ್ಟೆ.

"ಇದರ ಹಳೇದು ಇಲ್ಲೇನಮ್ಮಾ?" ಎಂದೆ.

"ತೆಗೆದುಬಿಟ್ಟೀನ್ರಿ ಅಣ್ಣಾ. ಅದ್ರಾಗ ಒತ್ತು ಕಾಣ್ತಿದ್ದಿಲ್ಲ, ಜನ ಬೈತಿದ್ರು. ಯಾರೋ ಪುಣ್ಯಾತ್ಮರು ಸರಿ ಮಾಡ್ಯಾರ ನೋಡ್ರಿ."

"ಹಳೇದು ನಾನು ಮಾಡಿದ್ದು."

ಆಕೆ ಮೌಸಿನಿಂದ ಕೈ ತೆಗೆದಳು. "ಹೌದೇನ್ರಿ? ಹಂಗಾದ್ರ ನಿಮಗ ಹೆಂಗ ಬೇಕು ಹೇಳ್ರಿ, ಹಂಗ ಮಾಡಿಕೊಡ್ತೀನಿ."

ಅಕ್ಕನ ಹೆಸರು ನೋಡಿದೆ. ಬಾಗಿಲಾಚೆ ನಿಂತವರೂ ಓದಬಹುದಿತ್ತು.

"ಹಿಂಗ ಇರ್ಲಿ" ಎಂದೆ.

ಮನೆ ಮುಂದೆ ಬ್ಯಾನರ್ ಕಟ್ಟಿದಾಗ ಭಾವ ಕಣ್ಣೊರೆಸಿಕೊಂಡು, "ಅಕ್ಷರ ಚಲೋ ಬಂದಾವ" ಎಂದರು. ಅಕ್ಷರ ನನ್ನವು, ಒತ್ತು ಗುಂಪಿನವರವು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಾನು ಇನ್ನೂ ಗುಂಪಿನಲ್ಲಿದ್ದಿದ್ದರೆ, ಈ ಹೊಗಳಿಕೆ ಯಾರದು ಎಂಬುದನ್ನೂ ಅವರು ಚರ್ಚೆಗೆ ಇಡುತ್ತಿದ್ದರು.