ಮಾಡದಕೆರೆ ಹೊಲದ ಎರಡು ಪೊಟ್ಟಣ

ದೆವ್ವ, ಗಾಳಿ, ಸತ್ತವರು ಸನ್ನೆ ಮಾಡುವುದು, ಇಂಥವನ್ನು ನಾನು ಯಾವತ್ತೂ ನಂಬಿದವಳಲ್ಲ. ಚಂದ್ರವಳ್ಳಿಯ ಗುಹೆಯೊಳಗೆ ಯಾರೋ ಹೆಸರು ಹಿಡಿದು ಕರೆದರೆಂದು ಗೆಳತಿಯರು ಬೆವರಿಕೊಂಡು ಓಡಿ ಬಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕವಳು ನಾನು. ಪ್ರಾಣಿಶಾಸ್ತ್ರ ಓದಿದವಳು, ಕಣ್ಣಿಗೆ ಕಂಡದ್ದನ್ನು ಎಣಿಸಿ ಬರೆಯುವುದು ನನ್ನ ಕಸುಬು. ಇದನ್ನು ಓದಿ ಈಗ ನೀವು ನಕ್ಕರೆ ನನಗೇನೂ ಬೇಜಾರಿಲ್ಲ. ಇದರಲ್ಲಿ ನಾಚಿಕೆಪಡಬೇಕಾದ ಸಂಗತಿ ಬೇರೆಯೇ ಇದೆ.

ತೊಂಬತ್ತರ ದಶಕದ ಕೊನೆ. ಚಿತ್ರದುರ್ಗದ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೂತು ಪಿಎಚ್.ಡಿ.ಗಾಗಿ ಮಣ್ಣಿನ ಅಮೀಬಾಗಳನ್ನು ಎಣಿಸುತ್ತಿದ್ದೆ. ಶಾಲೆಯ ಪುಸ್ತಕದಲ್ಲಿ ಚೆಲ್ಲಿದ ಗಂಜಿಯ ಹಾಗೆ ಇರುತ್ತದಲ್ಲ, ಅದಲ್ಲ. ಇವು ಚಿಪ್ಪಿನ ಅಮೀಬಾಗಳು. ಇರುವುದು ಒಂದೇ ಜೀವಕೋಶ, ಆದರೂ ಕೆಲವು ಮರಳಿನ ಕಣ ಹೆಕ್ಕಿ, ಅಂಟು ಹಾಕಿ, ತಮಗೊಂದು ಮನೆ ಕಟ್ಟಿಕೊಳ್ಳುತ್ತವೆ. ಹೂಜಿಯಂಥ ಚಿಪ್ಪು, ಬಟ್ಟಲಿನಂಥ ಚಿಪ್ಪು, ಏನೆಲ್ಲ ಬಗೆ! ಜೀವ ಹೋದ ಮೇಲೂ ಚಿಪ್ಪು ಮಣ್ಣಿನಲ್ಲಿ ಬಹಳ ಕಾಲ ಉಳಿಯುತ್ತದೆ. ಭೀಮಸಮುದ್ರದ ಕೊಳೆತ ಎಲೆಯ ಕೆಳಗೆ ಅವು ಮುಗಿಬಿದ್ದಿರುತ್ತಿದ್ದವು. ಹಿರಿಯೂರಿನ ಒಣ ಮಣ್ಣಿನಲ್ಲಿ ಹುಡುಕಿ ಹುಡುಕಿ ಕಣ್ಣು ಉರಿಯುತ್ತಿತ್ತು. ಆದರೆ ಒಂದು ಸಂಗತಿ ಮಾತ್ರ ನಾನು ನೋಡಿದ ಕಡೆಯೆಲ್ಲ ಒಂದೇ ಥರ ಇತ್ತು: ಯಾರೂ ಅಗೆಯದ ನೆಲದಲ್ಲಿ ದೊಡ್ಡ ಚಿಪ್ಪಿನವು ಮೇಲೆ, ಸಣ್ಣವು ಆಳದಲ್ಲಿ. ಅಗೆದು ಮುಚ್ಚಿದರೆ ಆ ವರಸೆ ಕೆಡುತ್ತದೆ.

ನನ್ನ ಗೈಡ್ ಮಾಡದಕೆರೆ ಕಡೆಯವರು. ನೇಗಿಲು ಕಾಣದ ಮಣ್ಣು ಬೇಕು ಸಾರ್ ಎಂದಾಗ, "ನಮ್ಮಣ್ಣನ ಹೊಲದ ಮೂಲೇಲಿ ಐತೆ ಹೋಗಮ್ಮ, ನಮ್ಮ ತಾತನ ಕಾಲದಿಂದ ಅದನ್ನ ಯಾರೂ ಮುಟ್ಟಿಲ್ಲ" ಅಂದರು.

ನಾನು ಹೋದ ದಿನ ಆ ಹೊಲದಲ್ಲಿ ಕುರಿ ಮಂದೆ ಬಿಟ್ಟಿದ್ದರು. ಗೊಬ್ಬರಕ್ಕೆಂದು ಬೆಳೆ ಇಲ್ಲದ ಹೊಲದಲ್ಲಿ ಕುರಿ ಮಲಗಿಸುವುದು ಆ ಕಡೆಯ ಪದ್ಧತಿ. ಮಂದೆ ಕಾಯುತ್ತಿದ್ದ ಹನುಮಕ್ಕ ಎಂಬ ಹೆಂಗಸು ಬಂದು ನನ್ನ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು.

"ಏನವ್ವಾ ಅಗೀತೀಯ?"

ನನಗೂ ಜಂಬ. ಚಿಪ್ಪಿನ ಕಥೆ ಪೂರ್ತಿ ಒಪ್ಪಿಸಿ, ಅಗೆದ ಮಣ್ಣು ಯಾವುದು, ಅಗೆಯದ್ದು ಯಾವುದು ಅಂತ ಕೂತಲ್ಲೇ ಹೇಳಿಬಿಡ್ತೀನಮ್ಮ ಅಂದೆ. ಅವಳು ಹತ್ತಿರ ಸರಿದಳು.

"ಈ ಹೊಲದೋರ ಮನೆ ಸೊಸೆ ನನ್ನ ಮಗಳು ರತ್ನ. ಎರಡು ವರ್ಸಾತು ಕಾಣ್ತಿಲ್ಲ. ಯಾರ ಜೊತೆಗೋ ಓಡಿಹೋದ್ಲು ಅಂತಾರೆ ಬೀಗರು. ಚಪ್ಲಿ ಬಾಗ್ಲಾಗೆ ಬಿಟ್ಟು ಯಾರವ್ವ ಓಡಿಹೋಗ್ತಾರೆ? ನಮ್ಮ ಕುರಿ ಇಡೀ ಹೊಲದಾಗೆ ಮಲಗ್ತಾವೆ, ಈ ಮೂಲೇಲಿ ಮಾತ್ರ ಮಲಗಲ್ಲ. ಅದಕ್ಕೇ ಬ್ಯಾರೆಯೋರು ಕರೆದ್ರೂ ಬಿಟ್ಟು ಇಲ್ಲೇ ಮಂದೆ ಹಾಕ್ತೀನಿ. ನೋಡಿ ಹೇಳು ತಾಯಿ."

ನೋಡಿ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಅವಳ ಕಣ್ಣೆದುರೇ ಬೆರಳುದ್ದದ ಆಳದಿಂದ ಒಂದು ಪೊಟ್ಟಣ, ಮೊಣಕೈ ಆಳದಿಂದ ಇನ್ನೊಂದು ಪೊಟ್ಟಣ ಮಣ್ಣು ತೆಗೆದೆ. "ಮೇಲಿನದು", "ಅಡಿಯದು" ಎಂದು ಚೀಟಿ ಬರೆದು ದಾರದಲ್ಲಿ ಕಟ್ಟಿದೆ.

ಲ್ಯಾಬಿನಲ್ಲಿ ನೋಡಿದರೆ ಎಲ್ಲ ತಲೆಕೆಳಗು. ಮೇಲಿನದರಲ್ಲಿ ಸಣ್ಣವು, ಅಡಿಯದರಲ್ಲಿ ದೊಡ್ಡವು. ನಮ್ಮ ಕಸುಬಿನಲ್ಲಿ ಇಂಥದ್ದಾದರೆ ಯಾರೂ ಮಣ್ಣನ್ನು ಅನುಮಾನಿಸುವುದಿಲ್ಲ, ಚೀಟಿಯನ್ನೇ ಅನುಮಾನಿಸುತ್ತಾರೆ. ಗೈಡ್ ಕೂಡ ನಕ್ಕರು. "ಲೇಬಲ್ ಅದಲು ಬದಲು ಮಾಡಿದೀಯಮ್ಮ. ತಿದ್ದು, ಮುಂದಕ್ಕೆ ಹೋಗು." ನಾನೂ ಹೌದೆಂದುಕೊಂಡೆ. ಚೀಟಿ ಬಿಚ್ಚಿ, ಅದಲು ಬದಲು ಮಾಡಿ, ಈ ಸಲ ಕೆಂಪು ದಾರದಲ್ಲಿ ಕಟ್ಟಿ, ಕಪಾಟಿಗೆ ಬೀಗ ಹಾಕಿದೆ. ಅದರ ಕೀಲಿ ಇದ್ದದ್ದು ಒಂದೇ, ನನ್ನ ಬ್ಯಾಗಿನಲ್ಲಿ.

ಮಾರನೆಯ ಬೆಳಿಗ್ಗೆ ಬೀಗ ತೆಗೆದರೆ ಚೀಟಿಗಳು ನಾನು ಬದಲಾಯಿಸುವ ಮೊದಲಿದ್ದ ಪೊಟ್ಟಣಗಳ ಮೇಲೇ ಇದ್ದವು. ಒಂದು ಪೊಟ್ಟಣದ ಮೇಲೆ ಟೀ ಚೆಲ್ಲಿ ಕಲೆಯಾಗಿತ್ತು, ಹಾಗಾಗಿ ಗುರುತು ತಪ್ಪುವ ಮಾತಿಲ್ಲ. ಕೆಂಪು ದಾರ ಅದೇ, ಗಂಟೂ ನನ್ನದೇ. ಮರೆವು ಎಂದು ನನ್ನನ್ನೇ ಬೈದುಕೊಂಡು ಮತ್ತೆ ಬದಲಾಯಿಸಿದೆ. ಈ ಸಲ ಗೋಂದು ಹಚ್ಚಿ ಅಂಟಿಸಿದೆ. ಮಾರನೆಯ ದಿನ ಚೀಟಿ ಮತ್ತೆ ಹಳೆಯ ಜಾಗದಲ್ಲಿ, ಒಂದು ಚೂರೂ ಹರಿಯದೆ, ಗಟ್ಟಿಯಾಗಿ ಅಂಟಿಕೊಂಡಿತ್ತು! ಹಟ್ಟ ಹಗಲಿನಲ್ಲಿ, ಹುಡುಗರ ಗಲಾಟೆಯ ನಡುವೆ, ನೆಲದ ಮೇಲೆ ಕೂತುಬಿಟ್ಟೆ.

ಸಾರ್, ಚೀಟಿ ಸರಿಯಾಗಿಯೇ ಇತ್ತು, ತಲೆಕೆಳಗಾಗಿರುವುದು ಮಣ್ಣು, ಆ ಮೂಲೆಯನ್ನು ಯಾರೋ ಅಗೆದಿದ್ದಾರೆ ಎಂದೆ. ಅವರು ಈ ಸಲ ನಗಲಿಲ್ಲ. ಎದ್ದು ಬಾಗಿಲು ಹಾಕಿ ಬಂದರು.

"ಯಾರತ್ರಾದ್ರೂ ಹೇಳಿದೀಯ?"

"ಇಲ್ಲ ಸಾರ್."

"ನಿನ್ನ ಥೀಸಿಸ್ ಮುಗೀಬೇಕೋ ಬ್ಯಾಡ್ವೋ?"

ಅಷ್ಟೇ ಮಾತು. ಅಷ್ಟಕ್ಕೇ ನಾನು ಬಾಯಿ ಮುಚ್ಚಿದೆ. ಅವರಿಗೆ ಏನು ಗೊತ್ತಿತ್ತೋ, ಎಷ್ಟು ಗೊತ್ತಿತ್ತೋ, ನಾನು ಕೇಳಲಿಲ್ಲ. ಆ ಮನೆಯವರನ್ನು ಬೈಯುವ ಯೋಗ್ಯತೆಯನ್ನು ಅವತ್ತೇ ಕಳೆದುಕೊಂಡೆ.

ವಾರದ ಮೇಲೆ ಹನುಮಕ್ಕ ಬಸ್ಸು ಹತ್ತಿ ದುರ್ಗಕ್ಕೆ ಬಂದಳು. ಚಪ್ಪಲಿಯನ್ನು ಲ್ಯಾಬಿನ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತಳು.

"ಏನ್ ಕಂಡೆ ತಾಯಿ?"

"ಏನೂ ಇಲ್ಲಮ್ಮ. ಆ ಮೂಲೆ ಯಾರೂ ಅಗೆದಿದ್ದಲ್ಲ" ಅಂದೆ.

ಜಗಳವಾಡುತ್ತಾಳೆ, ಶಾಪ ಹಾಕುತ್ತಾಳೆ ಎಂದುಕೊಂಡಿದ್ದೆ. ಹಾಳಾದವಳು, ನನ್ನನ್ನು ನಂಬಿಬಿಟ್ಟಳು! ಅವಳ ಮುಖ ಅರಳಿತು. "ಹಂಗಾದ್ರೆ ನನ್ನ ಮಗಳು ಎಲ್ಲೋ ಬದುಕವಳೆ. ನೀನು ಓದಿದೋಳು, ನೀನು ಹೇಳಿದ್ಮ್ಯಾಲೆ ಮುಗೀತು" ಎಂದು ನನ್ನ ಕೆನ್ನೆ ಸವರಿ ನೆಟಿಗೆ ಮುರಿದಳು. ಅದಾದ ಮೇಲೆ ಅವಳು ಆ ಹೊಲದಲ್ಲಿ ಮಂದೆ ಹಾಕಲಿಲ್ಲವಂತೆ. ಮುಂದಿನ ಮುಂಗಾರಿಗೆ ಆ ಮೂಲೆಗೂ ಟ್ರ್ಯಾಕ್ಟರ್ ಹೊಡೆಸಿದರು. ಈಗ ಯಾರು ಬಂದು ನೋಡಿದರೂ ಅಲ್ಲಿನ ಮಣ್ಣು ಏನನ್ನೂ ಹೇಳುವುದಿಲ್ಲ.

ಅವತ್ತು ಅವಳು ಹೋದ ಮೇಲೆ ನಾನು ಮೂರನೆಯ ಸಲ ಚೀಟಿ ಬದಲಾಯಿಸಿದೆ, ಎಲ್ಲ ಗೊತ್ತಿದ್ದೂ. ಥೀಸಿಸ್ಸಿನ ಕೋಷ್ಟಕದಲ್ಲಿ ಹಾಗೆಯೇ ಅಚ್ಚಾಯಿತು. ಡಾಕ್ಟರೇಟ್ ಬಂತು, ಎರಡು ಸಾವಿರದ ಇಸವಿಯ ಆಚೆಗೆ ಕೆಲಸವೂ ಕಾಯಂ ಆಯಿತು.

ಬೀಗ ಹಾಕಿದ ಕಪಾಟಿನೊಳಗೆ ಎರಡು ಸಲ ಚೀಟಿ ತಿರುಗಿಸಿಟ್ಟವರು ಯಾರು, ನನಗೆ ಇವತ್ತಿಗೂ ಗೊತ್ತಿಲ್ಲ. ಯೋಚಿಸಿ ಯೋಚಿಸಿ ತಲೆ ಕೆಟ್ಟಿದೆ. ಮೂರನೆಯ ಸಲ ಬದಲಾಯಿಸಿದ ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ ಬೀಗ ತೆಗೆದಿದ್ದೆ. ಚೀಟಿಗಳು ನಾನು ಅಂಟಿಸಿದಲ್ಲೇ ಇದ್ದವು. ಆ ಪೊಟ್ಟಣಗಳು ಈಗ ನನ್ನ ಮನೆಯ ಬೀರುವಿನಲ್ಲಿವೆ. ಬೀರು ತೆಗೆದಾಗಲೆಲ್ಲ, ತಿರುಗಿರಲಿ ದೇವರೇ ಎಂದುಕೊಂಡು ಮೊದಲು ಅವನ್ನೇ ನೋಡುತ್ತೇನೆ. ಒಂದು ಸಲವೂ ತಿರುಗಿಲ್ಲ.