ಆಂಟಿ ಕೇಳಿದ ಹೂವು

ಅವರ ತೋಳಿನ ಹಚ್ಚೆಗಳಿಗೂ ಅವರ ಜೊತೆಗೇ ವಯಸ್ಸಾಗಿತ್ತು. ಮೊಣಕೈ ಹತ್ತಿರದ ದೋಣಿ ಒಂದು ಕಡೆಗೆ ವಾಲಿತ್ತು. ಭುಜದ ಮೇಲಿನ ಹಕ್ಕಿಯ ಕತ್ತು ಜೋಲುಬಿದ್ದಿತ್ತು. "ಹಾಕಿಸ್ಕೊಂಡಾಗ ಹದ್ದು, ಈಗ ಕೋಳಿ" ಎಂದು ತಾವೇ ತೋಳು ಅಲ್ಲಾಡಿಸಿ ನಗುತ್ತಿದ್ದರು.

ನಾನು ಅವರನ್ನು ಆಂಟಿ ಎನ್ನುತ್ತಿದ್ದೆ. ಈ ದೇಶದಲ್ಲಿ ಕಲಿಸುವವರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ನಾಲಿಗೆ ಹೊರಳಲಿಲ್ಲ. ಅವರ ಅಜ್ಜಿ ನಾರ್ವೆಯಿಂದ ಡೆಟ್ರಾಯ್ಟಿಗೆ ಬಂದವರು. ಆ ಅಜ್ಜಿಯ ಹೆಣಿಗೆಯಲ್ಲಿ, ಮರದ ಬೋಗುಣಿಗಳ ಮೇಲೆ ಇದ್ದ ಚಿತ್ತಾರಗಳನ್ನು ಆಂಟಿ ಜನರ ಮೈಮೇಲೆ ಹಾಕುತ್ತಿದ್ದರು. ಮಷೀನು ಮುಟ್ಟುತ್ತಿರಲಿಲ್ಲ. ಕಡ್ಡಿಗೆ ಕಟ್ಟಿದ ಸೂಜಿ, ಒಂದೊಂದೇ ಚುಕ್ಕೆ.

ರಾಚೆಸ್ಟರ್ ಹಿಲ್ಸ್‌ನ ಲೈಬ್ರರಿಯಲ್ಲಿ ನಾನು ಮಕ್ಕಳಿಗೆ ಮೆಹೆಂದಿ ಹಾಕುತ್ತಿದ್ದೆ. ಅವರು ಬಂದು ಸಾಲಿನಲ್ಲಿ ನಿಂತು, ಕೈ ಚಾಚಿದರು. ಹಾಕಿ ಮುಗಿಸಿದ ಮೇಲೆ ಹೇಳಿದರು: "ನಿನ್ನ ಕೈ ನಡುಗಲ್ಲ. ಆದರೆ ಖಾಲಿ ಜಾಗ ಕಂಡರೆ ಹೆದರ್ತೀಯ."

ನಿಜ. ನಮ್ಮ ಮೆಹೆಂದಿಯಲ್ಲಿ ಅಂಗೈ ತುಂಬಬೇಕು. ಸಂದು ಕಂಡರೆ ಬಳ್ಳಿ, ಬಳ್ಳಿ ಸಾಲದಿದ್ದರೆ ಚುಕ್ಕೆ. ಅವರ ಬಳಿ ಕಲಿಯಲು ಹೋದಮೇಲೂ ಆ ಚಾಳಿ ಬಿಡಲಿಲ್ಲ. ಅವರಜ್ಜಿಯ ಚಿತ್ತಾರದ ಎಂಟೆಸಳಿನ ಹೂವಿನ ನಡುವೆ ಅವರು ಬಿಟ್ಟಿದ್ದ ಜಾಗದಲ್ಲಿ ನಾನು ಮಾವಿನಕಾಯಿ ಬರೆದಿಡುತ್ತಿದ್ದೆ. ಅವರು ಹಾಳೆ ಬದಲಿಸುತ್ತಿದ್ದರು. ಸೂಜಿ ಅಭ್ಯಾಸಕ್ಕೆ ಹಂದಿಯ ಚರ್ಮ ತಂದಿಟ್ಟ ದಿನ ನಾನು ಬಾಗಿಲ ಹತ್ತಿರ ಹೋಗಿ ನಿಂತುಬಿಟ್ಟೆ. ಮಾರನೆಯ ದಿನ ಮೇಜಿನ ಮೇಲೆ ಒಂದು ಬುಟ್ಟಿ ಕಿತ್ತಳೆ ಇತ್ತು. "ಇದಕ್ಕೂ ಜೀವ ಇತ್ತು, ಕ್ಷಮೆ ಕೇಳಿ ಶುರುಮಾಡು" ಎಂದು ಕೆಣಕಿದರು.

ಆಗಷ್ಟೇ ನನಗೆ ವರ್ಕ್ ಪರ್ಮಿಟ್ ಬಂದಿತ್ತು. ಆಬರ್ನ್ ಹಿಲ್ಸ್‌ನಲ್ಲಿ ಕಾರಿನ ಬ್ರೇಕು ಡಿಸೈನ್ ಮಾಡುವ ನನ್ನ ಗಂಡನಿಗೆ ದಿಗಿಲು. "ಅಮ್ಮ ಫೋನ್ ಮಾಡಿದ್ರೆ ಏನಂತ ಹೇಳ್ಲೇ? ನಿಮ್ ಸೊಸೆ ಹಚ್ಚೆ ಹಾಕೋಕೆ ಹೋಗ್ತಾಳೆ ಅಂತಾನಾ?"

"ಹೆಲ್ತ್‌ಕೇರ್ ಅಂತ ಹೇಳಿ. ಗ್ಲೌಸ್ ಹಾಕ್ಕೋತೀನಲ್ಲ."

ಎಂಟೆಸಳಿನ ಹೂವು ಹಾಕಿಸಿಕೊಳ್ಳಲೆಂದೇ ಶಿಕಾಗೋದಿಂದ ಜನ ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ಆಂಟಿಯ ಮೈಮೇಲೆ ಮಾತ್ರ ಅದಿರಲಿಲ್ಲ. ಒಮ್ಮೆ ಕೇಳಿದೆ. ಅವರ ಮಗಳು ಹರೆಯದಲ್ಲಿ, ಮಂಜುಗಟ್ಟಿದ ರಸ್ತೆಯಲ್ಲಿ ಕಾರು ಜಾರಿ ತೀರಿಹೋಗಿದ್ದಳು. "ಕೈ ತಣ್ಣಗಿತ್ತು. ನಾನು ಹೆಣೆದ ಕೈಗವಸು ತೊಡಿಸಿ ಮಣ್ಣು ಮಾಡಿದೆ. ಅದರ ಮೇಲೆ ಈ ಹೂವಿತ್ತು. ನಾನು ಹಾಕಿಸ್ಕೊಂಡರೆ ದಿನಾ ನೋಡಬೇಕಲ್ಲ."

ನಾನು ನಮ್ಮಜ್ಜಿಯ ಮಾತು ಹೇಳಿದೆ: ಸತ್ತವರ ಮೈಯಿಂದ ಚಿನ್ನ ಬಿಚ್ಚಿಕೊಳ್ಳುತ್ತಾರೆ, ಹಚ್ಚೆ ಬಿಚ್ಚೋಕಾಗಲ್ಲ, ಅದೊಂದೇ ಜೊತೆಗೆ ಬರೋದು. ಅವರು ಸೂಜಿಯನ್ನು ಬಹಳ ಹೊತ್ತು ಒರೆಸಿದರು.

ಹೋದ ಚಳಿಗಾಲ ಆಂಟಿಯ ಹೃದಯ ಸೋತಿತು. ಆಸ್ಪತ್ರೆಯಲ್ಲಿ ಮಗ ಪಕ್ಕದಲ್ಲಿದ್ದಾಗಲೇ ಬಲ ಹಿಂಗೈ ನನ್ನ ಮುಂದಿಟ್ಟರು. "ಇಲ್ಲಿ ಹಾಕು. ಇಷ್ಟು ಮುದುಕಿಯಾಗಿದೀನಿ, ಅವಳಿಗೆ ಗುರುತು ಸಿಗಬೇಕಲ್ಲ."

ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆ ತೆಗೆದುಕೊಳ್ಳುವವರನ್ನು ಅವರು ಬಾಗಿಲಲ್ಲೇ ವಾಪಸು ಕಳಿಸುತ್ತಿದ್ದರು. ಈಗ ಅದೇ ಮಾತ್ರೆ ಅವರಿಗೆ. "ಆಗಲ್ಲ ಆಂಟಿ" ಎಂದೆ. "ನೀವೇ ಕಲಿಸಿದ್ದು."

"ಒಳ್ಳೆ ಶಿಷ್ಯೆ" ಎಂದರು. ನಗಲಿಲ್ಲ. "ಹಾಗಾದ್ರೆ ಆಮೇಲೆ ಹಾಕು. ಆಮೇಲೆ ರಕ್ತದ ಭಯ ಇರಲ್ಲ."

"ಅಮ್ಮಾ, ಪ್ಲೀಸ್" ಎಂದ ಮಗ. ಅವರು ಅವನನ್ನು ನೋಡಲಿಲ್ಲ. ನಾನು ತಲೆಯಾಡಿಸುವವರೆಗೆ ನನ್ನನ್ನೇ ನೋಡುತ್ತಿದ್ದರು.

ಆಂಟಿ ತೀರಿಕೊಂಡ ದಿನ ಮಗನೇ ಫೋನ್ ಮಾಡಿದ. ಶವಸಂಸ್ಕಾರ ಮಾಡುವ ಫ್ಯೂನರಲ್ ಹೋಮಿನವರನ್ನು ಅವನೇ ಒಪ್ಪಿಸಿದ್ದ. ಒಂದು ಮಧ್ಯಾಹ್ನ, ಹೊರಗೆ ಹಿಮ ತೆಗೆಯುವ ಗಾಡಿ ಓಡಾಡುತ್ತಿದ್ದಾಗ, ನಾನು ಅವರ ಕೈಯನ್ನು ಟವೆಲ್ ಮೇಲಿಟ್ಟುಕೊಂಡು ಕುಳಿತೆ. ಚರ್ಮ ಎಳೆದರೆ ಎಳೆದ ಹಾಗೇ ನಿಲ್ಲುತ್ತಿತ್ತು. ಚುಚ್ಚಿದ ಕಡೆ ಏನೂ ಜಿನುಗಲಿಲ್ಲ. ಆದರೂ ಅಭ್ಯಾಸಬಲದಿಂದ ಒರೆಸುತ್ತಿದ್ದೆ. ನಡುವೆ, ಬೇರೆಯವರನ್ನು ಕೇಳುವ ಹಾಗೆಯೇ, "ನೋಯ್ತಿದೆಯಾ?" ಎಂದು ಕೇಳಿಬಿಟ್ಟೆ. ಆಮೇಲೆ ಬಹಳ ಹೊತ್ತು ಸೂಜಿ ಮೇಲೆತ್ತಿಕೊಂಡೇ ಕುಳಿತೆ.

ಮಗ ಒಳಗೆ ಬಂದು ಬಗ್ಗಿ ನೋಡಿದ. "ತಂಗಿಯ ಕೈಗವಸಿನ ಹೂವೇ" ಎಂದ. ಆಂಟಿಯನ್ನು ಆ ತಂಗಿಯ ಪಕ್ಕದಲ್ಲೇ ಮಲಗಿಸಿದರು.

ಈಗ ಅವರ ಕುರ್ಚಿಯಲ್ಲಿ ಕುಳಿತು ನಾನು ಹಚ್ಚೆ ಹಾಕುತ್ತೇನೆ. ಮೊದಲ ಚುಕ್ಕೆ ಇಟ್ಟು ಕಾಯುತ್ತೇನೆ. ಒಂದು ಗಳಿಗೆ ಚರ್ಮ ಬಿಳಿಯಾಗಿಯೇ ಇರುತ್ತದೆ. ಆಮೇಲೆ ಸುತ್ತಲೂ ಮೆಲ್ಲಗೆ ಕೆಂಪೇರುತ್ತದೆ. ಅದು ಕೆಂಪೇರುವವರೆಗೆ ನಾನು ಉಸಿರು ಬಿಡುವುದಿಲ್ಲ.