ಹುಣಸೆಕೊಪ್ಪಲಿಗೆ ಬಾರದ ಬಸ್ಸು

ಮದ್ದೂರಿನ ಮಕ್ಸೂದ್ ಒಳ್ಳೆಯ ಮೆಕ್ಯಾನಿಕ್, ಒಳ್ಳೆಯ ಡ್ರೈವರ್. ಊಟದ ವಿಷಯದಲ್ಲಿ ಮಾತ್ರ ಸ್ವಲ್ಪ ಸಡಿಲ. ಯಾರಾದರೂ ಎಲೆ ಹಾಕಿ ಕರೆದರೆ ಬೇಡವೆನ್ನುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಅದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಆಮೇಲೆ ಮಾಡಿದನಲ್ಲ, ಅದು ತಪ್ಪು.

ಆಗ ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಒಲೆಯಂಥ ಡ್ರಮ್ಮು ಕಟ್ಟಿಕೊಂಡು ಇದ್ದಿಲಿನ ಅನಿಲದಲ್ಲಿ ಓಡುತ್ತಿದ್ದವು. ಮಕ್ಸೂದನ ಯಜಮಾನ ದೊಡ್ಡಸಿದ್ದಯ್ಯ ಮದ್ದೂರಿನಿಂದ ಮಳವಳ್ಳಿಗೆ ಹೊಸ ಬಸ್ಸು ಹಾಕಲು ಹೊರಟಿದ್ದ. ದಾರಿ ಎರಡಿದ್ದವು. ಒಂದು ದೊಡ್ಡ ರಸ್ತೆ, ಇನ್ನೊಂದು ಹುಣಸೆಕೊಪ್ಪಲಿನ ಮೇಲೆ ಹಾದುಹೋಗುವ ಮಣ್ಣುರಸ್ತೆ.

"ಎಲ್ಡ್ರಾಗೂ ಒಂದೊಂದ್ ದಪ ಓಡ್ಸ್ಕಂಡ್ ಬಾ. ಯಾವ್ದ್ರಲ್ಲಿ ಬೇಗ ಬತ್ತೀಯೋ ಅದೇ ನಮ್ ದಾರಿ ಕಣ್ಲಾ" ಎಂದ ಯಜಮಾನ ಮಳವಳ್ಳಿಯಲ್ಲಿ ಕಾದು ಕುಳಿತ.

ದೊಡ್ಡ ರಸ್ತೆಯ ಓಟ ಸಲೀಸಾಗಿ ಮುಗಿಯಿತು. ಮಾರನೆಯ ದಿನ ಮಣ್ಣುರಸ್ತೆಗೆ ಇಳಿದರೆ ಮಕ್ಸೂದನಿಗೇ ಆಶ್ಚರ್ಯ. ದಾರಿ ಹತ್ತಿರ, ನೆಲ ಗಟ್ಟಿ. ನಿನ್ನೆಗಿಂತ ಬೇಗ ಮುಟ್ಟುತ್ತೇನೆಂದು ಖುಷಿಪಟ್ಟ. ಆದರೆ ಹುಣಸೆಕೊಪ್ಪಲಿನಲ್ಲಿ ಬಸ್ಸು ಬರುವ ಸುದ್ದಿ ಕೇಳಿ ಊರಿಗೆ ಊರೇ ಅಡ್ಡ ನಿಂತಿತ್ತು. ಬಸ್ಸಿಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಕಾಯಿ ಒಡೆದರು. ಆಮೇಲೆ ಮಾಯಮ್ಮ ಎಂಬ ಹೆಂಗಸು ತನ್ನ ಜಗಲಿಯ ಮೇಲೆ ಎಲೆ ಹಾಕಿ ಒಬ್ಬಟ್ಟು ಬಡಿಸಿದಳು.

"ಮಗ್ಳು ಎರಿಗೆ ನೋವ್ನಾಗೆ ಎತ್ತಿನ್ ಗಾಡೀಲೇ ಪ್ರಾಣ ಬುಟ್ಲು ಕಣಪ್ಪ, ಮಳವಳ್ಳಿ ಆಸ್ಪತ್ರೆ ಮುಟ್ನಿಲ್ಲ. ಈಗ ಸೊಸೆ ಬಸ್ರಿ. ನಿನ್ ಬಸ್ಸು ಬಂದ್ರೆ ನಮ್ಗೆ ಅದೇ ದೇವ್ರು" ಎಂದಳು.

"ಬತ್ತದೆ ಕಣವ್ವ, ಯಾಕ್ ಬರಾಕಿಲ್ಲ" ಎಂದು ಮಕ್ಸೂದ್ ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡ.

ಎದ್ದು ಬಂದು ನೋಡಿದರೆ ಡ್ರಮ್ಮಿನ ಬೆಂಕಿ ಆರಿಹೋಗಿತ್ತು. ಇದ್ದಿಲು ಬಸ್ಸಿನವನು ಬೆಂಕಿ ಬಿಟ್ಟು ಕದಲಬಾರದು, ಅದು ಮೊದಲ ಪಾಠ. ಮತ್ತೆ ಕೆಂಡ ಮಾಡಿ, ಗಾಳಿ ಊದಿಸಿ, ಎಂಜಿನ್ ಹಿಡಿಯುವಷ್ಟರಲ್ಲಿ ಹೊತ್ತು ಇಳಿದಿತ್ತು.

"ಯಾಕ್ಲಾ ಇಷ್ಟೊತ್ತು? ಬೆಂಕಿ ಗಿಂಕಿ ಆರುಸ್ಬುಟ್ಯಾ?" ಮಳವಳ್ಳಿಯಲ್ಲಿ ದೊಡ್ಡಸಿದ್ದಯ್ಯ ಕೂಗಾಡಿದ.

ಒಪ್ಪಿಕೊಂಡಿದ್ದರೆ ನಾಲ್ಕು ಬೈಗುಳಕ್ಕೆ ಮುಗಿಯುತ್ತಿತ್ತು. ಮಹರಾಯ ಒಪ್ಪಿಕೊಳ್ಳಲಿಲ್ಲ. "ಇಲ್ಲ ಸಾವ್ಕಾರ್ರೇ, ರಸ್ತೆನೇ ಸರಿ ಇಲ್ಲ. ಬರೀ ಗುಂಡಿ" ಎಂದುಬಿಟ್ಟ.

ಬಸ್ಸು ದೊಡ್ಡ ರಸ್ತೆಯಲ್ಲೇ ಓಡತೊಡಗಿತು. ಹುಣಸೆಕೊಪ್ಪಲಿನ ಕವಲು ಬಂದಾಗಲೆಲ್ಲ ಮಕ್ಸೂದ್ ಆ ಕಡೆ ನೋಡದೆ ಬಸ್ಸು ಓಡಿಸುತ್ತಿದ್ದ. ಯಜಮಾನನಿಗೆ ನಿಜ ಹೇಳಬೇಕೆಂದು ದಿನವೂ ಅಂದುಕೊಂಡ, ಹೇಳಲಿಲ್ಲ. ತಡವಾದಷ್ಟೂ ಹೇಳುವುದು ಇನ್ನೂ ಕಷ್ಟವಾಯಿತು. ಮನೆಯಲ್ಲಿ ಹೆಂಡತಿ ಸುಲ್ತಾನ್ ಬೀ ಬಡಿಸಿದರೆ ಅರ್ಧಕ್ಕೇ ಏಳುತ್ತಿದ್ದ.

ಒಂದು ಮಧ್ಯಾಹ್ನ ಮಳವಳ್ಳಿಯಲ್ಲಿ ಮಾಯಮ್ಮ ಒಬ್ಬಳೇ ಬಸ್ಸು ಹತ್ತಿ ಅವನ ಹಿಂದಿನ ಸೀಟಿನಲ್ಲಿ ಕುಳಿತಳು. ಮಕ್ಸೂದನಿಗೆ ಕೇಳದೆ ಇರಲಾಗಲಿಲ್ಲ.

"ಸೊಸೆ ಎಂಗವ್ಳೆ ಅವ್ವ?"

"ಅವ್ಳು ಉಳ್ಕಂಡ್ಲು, ಆಸ್ಪತ್ರೇಲವ್ಳೆ. ಕೂಸು ಓಯ್ತು. ನೋವು ಸುರುವಾದ್ಮೇಲೆ ದೊಡ್ ರಸ್ತೆ ತಂಕ ನಡುಸ್ಕಂಡ್ ಬಂದೆ ಕಣಪ್ಪ, ನಿನ್ ಬಸ್ಸು ಇಡಿಯಾನ ಅಂತ. ದಾರೀಲೇ ಎರಿಗೆ ಆಗೋಯ್ತು."

ಈಗಲಾದರೂ ಹೇಳಿಬಿಡಬೇಕೆಂದು ಮಕ್ಸೂದ್ ಬಾಯಿ ತೆರೆದ. ಅಷ್ಟರಲ್ಲಿ ಮಾಯಮ್ಮ ಮುಂದಕ್ಕೆ ಬಾಗಿ ಅವನ ಭುಜ ಮುಟ್ಟಿದಳು.

"ನಿಂದೇನ್ ತೆಪ್ಪಿಲ್ಲ ಬುಡಪ್ಪ. ಸಾವ್ಕಾರ ರಸ್ತೆ ಸರಿ ಇಲ್ಲ ಅಂದ್ನಂತೆ. ನಮ್ ಮನೇಲಿ ಉಂಡೋನು ನೀನು, ನಮ್ ಪರವಾಗಿ ಒಂದ್ ಮಾತಾದ್ರೂ ಯೋಳಿರ್ತೀಯ, ಅಲ್ವಾ?"

ಮಕ್ಸೂದ್ ಹೌದೆಂದು ತಲೆಯಾಡಿಸಿದ.